ತಾಮ್ರದ ಮನೆಯ ಹಸಿರು ದೀಪ

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಹಾವು, ಚೇಳು, ಕತ್ತಲೆ ಯಾವುದಕ್ಕೂ ನನಗೆ ಅಂಥ ಭಯವಿಲ್ಲ. ಭಯವೆಲ್ಲ ಒಂದಕ್ಕೇ ಮೀಸಲು, ನಮ್ಮ ಬೀದಿಗೆ ಬರುವ ಕರೆಂಟಿಗೆ. ನಮ್ಮೂರಿನಲ್ಲಿ ಯಾರೂ ಆ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ‘ಅವರು’ ಎನ್ನುತ್ತಾರೆ. ಅವರು ಬಂದರು, ಅವರು ಹೋದರು, ಅವರಿದ್ದಾಗಲೇ ಹಿಟ್ಟು ರುಬ್ಬಿಕೋ ಎನ್ನುತ್ತಾರೆ. ನಾನು ಮಾತ್ರ ಕರೆಂಟ್ ಎಂದೇ ಕರೆಯುತ್ತೇನೆ. ಹೆದರುವವರಿಗೆ ಇಷ್ಟಾದರೂ ಸ್ವಾತಂತ್ರ್ಯ ಬೇಡವೇ?

ಊರಾಚೆ ಬಂಡೆಯ ಮೇಲೆ ಕೊನೆಯ ಕಂಬವಿದೆ. ಅದರಾಚೆಗೆ ತಂತಿಯಿಲ್ಲ. ಆ ಕಂಬದಿಂದ ಇಳಿದ ತಂತಿಗಳು ಬೀದಿಗೊಂದರಂತೆ ಇರುವ ತಾಮ್ರದ ಮನೆಗಳಿಗೆ ಬರುತ್ತವೆ. ತಾಮ್ರದ ಮನೆ ಎಂದರೆ ಒಂದೇ ಕೋಣೆ, ಕಬ್ಬಿಣದ ಬಾಗಿಲು, ಗೋಡೆಯ ಮೇಲೆ ಮೊಳಕೈ ಅಗಲದ ಎರಡು ತಾಮ್ರದ ಪಟ್ಟಿಗಳು. ಎಂಟು ದಿನಕ್ಕೆ ಆ ಪಟ್ಟಿಗಳಿಗೆ ಕಿಲುಬು ಹಿಡಿಯುತ್ತದೆ. ಕಿಲುಬು ಅವರಿಗೆ ಆಗುವುದಿಲ್ಲ. ಎಂಟನೆಯ ದಿನ ಒಬ್ಬರು ಒಳಗೆ ಹೋಗಿ ಹುಣಸೆಹಣ್ಣು, ಉಪ್ಪು ಹಾಕಿ ಪಟ್ಟಿಗಳನ್ನು ಪಾತ್ರೆ ಬೆಳಗಿದಂತೆ ಬೆಳಗಬೇಕು. ನಮ್ಮ ಬೀದಿಯಲ್ಲಿ ಒಂಬತ್ತು ಮನೆ, ಮನೆಗೊಂದು ಪಾಳಿ. ತಪ್ಪಿದರೆ ಮೂರು ದಿನದ ವಿನಾಯಿತಿ ಇದೆ. ಮೂರನೆಯ ದಿನವೂ ದಾಟಿದರೆ ಅವರು ಮತ್ತೆ ಆ ಬೀದಿಗೆ ಕಾಲಿಡುವುದಿಲ್ಲ. ಗಾಣದ ಬೀದಿಯವರು ಒಮ್ಮೆ ಮದುವೆಯ ಗಡಿಬಿಡಿಯಲ್ಲಿ ಪಾಳಿ ಮರೆತರು. ಹನ್ನೊಂದು ವರ್ಷವಾಯಿತು, ಆ ಬೀದಿಯಲ್ಲಿ ಈಗ ನಾಲ್ಕು ಮನೆಯವರು ಉಳಿದಿದ್ದಾರೆ, ಅವರೂ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾರೆ.

ಒದ್ದೆ ಕೈಯಲ್ಲಿ ತಾಮ್ರ ಬೆಳಗುವುದು. ಅದೂ ಕರೆಂಟಿನ ತಾಮ್ರ. ಅದಕ್ಕೆ ಮೊದಲು ಬಾಗಿಲ ಪಕ್ಕದ ಸ್ವಿಚ್ಚಿನ ಹಿಡಿ ಇಳಿಸುತ್ತಾರೆ. ಹಿಡಿ ಇಳಿಸಿದರೆ ಮನೆಗಳಿಗೆ ಹೋಗುವ ದಾರಿ ಮಾತ್ರ ಮುಚ್ಚುತ್ತದೆ, ಪಟ್ಟಿಗಳ ಮೇಲೆ ಅವರು ಇದ್ದೇ ಇರುತ್ತಾರೆ. ಬೀದಿಯಲ್ಲಿ ಯಾರೂ ತಮ್ಮನ್ನು ಕೇಳುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಎದ್ದು ಹೋಗುತ್ತಾರೆ. ಕೆಲವು ಸಲ ಹತ್ತು ನಿಮಿಷ, ಕೆಲವು ಸಲ ಎರಡು ಗಂಟೆ. ಆಮೇಲೆ ಹಿಡಿ ಎತ್ತುವವರೆಗೆ ಸಾಮಾನ್ಯವಾಗಿ ಬರುವುದಿಲ್ಲ. ಸಾಮಾನ್ಯವಾಗಿ ಎಂಬ ಮಾತನ್ನು ನಮ್ಮ ಬೀದಿಯಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ. ಒಂದು ಬಲ್ಬು ಹಾಕಿ ನೋಡಬಾರದೇ ಎಂದು ಹೊರಗಿನ ನೆಂಟರು ಬುದ್ಧಿ ಹೇಳುತ್ತಾರೆ. ಬಲ್ಬು ಹಾಕಿದರೆ ಕರೆದಂತಾಯಿತು, ಅವರು ಹೋಗುವುದೇ ಇಲ್ಲ. ಟೆಸ್ಟರ್ ಸ್ಕ್ರೂಡ್ರೈವರನ್ನು ನಂಬುವ ಹಾಗಿಲ್ಲ. ಪಕ್ಕದ ಬೀದಿಯ ತಂತಿಗಳು ಅಲ್ಲೇ ಹಾದುಹೋಗುವುದರಿಂದ ಅದು ಸತ್ತ ಪಟ್ಟಿಗೂ ಮಿಣಿಮಿಣಿ ಎನ್ನುತ್ತದೆ. ಹಾಗಾಗಿ ಯಾರಾದರೂ ಮುಟ್ಟಿಯೇ ನೋಡಬೇಕು.

ನಮ್ಮ ಬೀದಿಗೆ ಮುಟ್ಟಿ ನೋಡುವವನು ಮುದ್ದಯ್ಯ ತಾತ. ಅವನ ಅಪ್ಪನೂ ಅದೇ ಕೆಲಸ ಮಾಡುತ್ತಿದ್ದ. ತಾತ ಒಣಗಿದ ಹಲಸಿನ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತು, ಬಲಗೈಯ ಹಿಂಬದಿಯನ್ನು ಪಟ್ಟಿಗೆ ತಾಗಿಸುತ್ತಿದ್ದ. ಅಂಗೈಯಲ್ಲಿ ಮುಟ್ಟಿದರೆ ಬೆರಳು ಮಡಿಚಿಕೊಂಡು ಪಟ್ಟಿಯನ್ನೇ ಹಿಡಿದುಬಿಡುತ್ತವೆ. ಹಲಗೆಯ ಮೇಲೆ ನಿಂತವನಿಗೆ ಸಣ್ಣಗೆ ಜುಮ್ಮೆಂದರೆ ಅವರಿದ್ದಾರೆ, ಇಲ್ಲದಿದ್ದರೆ ಇಲ್ಲ. “ಹೋಗವ್ರೆ ಕಣ್ರವ್ವಾ, ಬನ್ನಿ” ಎಂದು ಅವನು ಕೂಗಿದ ಮೇಲೆಯೇ ಪಾಳಿಯವರು ಹೊಸ್ತಿಲು ದಾಟುತ್ತಿದ್ದರು. ನನಗೆ ಬುದ್ಧಿ ಬಂದಾಗಿನಿಂದ ಅವನ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ.

ನಮ್ಮ ಮನೆಯಲ್ಲಿ ಇಬ್ಬರೇ, ನಾನು ಮತ್ತು ತಂಗಿ ನೀಲವೇಣಿ. ನಾನು ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತೇನೆ, ಸ್ಟಾರ್ಟರ್, ಮಿಕ್ಸಿ ರಿಪೇರಿ ಮಾಡುತ್ತೇನೆ. ನೀಲ ಬೀದಿಯ ತುದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ನನ್ನ ಮೇಜಿಗೆ ಬರುವುದೆಲ್ಲ ಪ್ಲಗ್ ಕಿತ್ತು ಬಂದ ಸಾಮಾನು, ಅವುಗಳ ಮುಂದೆ ನನ್ನಷ್ಟು ಧೈರ್ಯಸ್ಥೆ ಇಲ್ಲ. ತಾಮ್ರದ ಮನೆಯ ಬಾಗಿಲು ಕಂಡರೆ ಮಾತ್ರ ಇಪ್ಪತ್ತು ಹೆಜ್ಜೆ ದೂರದಲ್ಲೇ ನಿಂತುಬಿಡುತ್ತೇನೆ. ಅಮ್ಮ ತೀರಿಕೊಂಡ ಮೇಲೆ ಮನೆಯ ಪಾಳಿ ನನಗೆ ಬರಬೇಕಿತ್ತು, ನಾನು ದೊಡ್ಡವಳು. ಮೊದಲ ಸಲ ಹೊಸ್ತಿಲವರೆಗೆ ಹೋಗಿ ವಾಂತಿ ಮಾಡಿಕೊಂಡೆ. ನೀಲ ನನ್ನ ಕೈಯಿಂದ ಹುಣಸೆ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಅಂದಿನಿಂದ ಏಳು ವರ್ಷ ಅವಳೇ ಹೋಗುತ್ತಿದ್ದಾಳೆ. ಒಂದು ದಿನವೂ ಹಂಗಿಸಿಲ್ಲ. ಹಂಗಿಸಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಬೇಸಗೆಯ ಒಂದು ಬೆಳಿಗ್ಗೆ ಮುದ್ದಯ್ಯ ತಾತ ನನ್ನ ಅಂಗಡಿಗೆ ಬಂದು ಕೂತ. ಬಾಗಿಲು ಮುಂದಕ್ಕೆ ಮಾಡು ಎಂದ. ನಾನು ಆಗಷ್ಟೇ ಬಗ್ಗಿಸಿಟ್ಟ ಚಹಾದ ಲೋಟಕ್ಕೆ ಬಲಗೈಯ ಹಿಂಬದಿಯನ್ನು ಒತ್ತಿ ಹಿಡಿದ. ಮುಖದಲ್ಲಿ ಏನೂ ಇಲ್ಲ. ಚರ್ಮ ಕೆಂಪಾಯಿತು, ನಾನೇ ಅವನ ಕೈಯನ್ನು ಎಳೆದೆ.

“ಗೊತ್ತಾಯ್ತಿಲ್ಲ ಕಣವ್ವ ಪದ್ದಿ” ಎಂದ. “ಕೈ ಸತ್ತೋಗದೆ. ಅವ್ರಿದ್ರೂ ಒಂದೇ, ಇಲ್ದಿದ್ರೂ ಒಂದೇ.”

“ಯಾವಾಗಿಂದ ತಾತ?”

“ನಾಕು ಪಾಳಿ ಆಯ್ತು. ಮಧ್ಯಾನ್ದ್ ಗಂಟ ಕಾಯ್ತೀನಿ, ಆಮೇಕೆ ಹೋಗಿರ್ತಾರೆ ಬುಡು ಅಂತ ಕೂಗ್ತೀನಿ. ಅವ್ರು ಒಳಿಕ್ಕೋಯ್ತಾರೆ. ಈಚೆ ಬರೋಗಂಟ ನನ್ ಜೀವ ನನ್ ತಾವಿರಾಕಿಲ್ಲ.”

ಆ ನಾಲ್ಕು ಪಾಳಿಗಳಲ್ಲಿ ಒಂದು ನೀಲಳದು. ಎಡಗೈ ಇದೆಯಲ್ಲ ತಾತ ಎಂದೆ.

“ಎಡಗೈ ಎದೆ ಕಡೇದು. ಏನಾರ ಆಗ್ಲಿ, ಎಡಗೈ ಮಾತ್ರ ಕೊಡಬ್ಯಾಡ ಅಂತ ನಮ್ಮಪ್ಪ ಹೇಳ್ಬುಟ್ಟೇ ಸತ್ತಿದ್ದು. ನಂಗೂ ಹೆದ್ರಿಕೆ ಆಯ್ತದವ್ವ” ಎಂದು ಮುದುಕ ತಲೆ ತಗ್ಗಿಸಿದ. ನನ್ನಂತೆಯೇ ಇನ್ನೊಬ್ಬರು ಹೆದರುವುದನ್ನು ನಾನು ನೋಡಿದ್ದು ಅದೇ ಮೊದಲು. ಅವನ ಮೇಲೆ ತುಂಬ ಪ್ರೀತಿ ಬಂತು.

ಪೆಟ್ಟಿಗೆ ಮಾಡುವ ಯೋಚನೆ ಹುಟ್ಟಿದ್ದು ಹೀಗೆ. ಅದು ಸಿದ್ಧವಾಗುವವರೆಗೆ ಪಾಳಿಯವರನ್ನು ಸಂಜೆಯ ತನಕ ಕಾಯಿಸುತ್ತೇನೆ ಎಂದು ತಾತ ಒಪ್ಪಿಕೊಂಡ. ಮುಚ್ಚಿಹೋದ ಬಿಸ್ಕತ್ತಿನ ಕಾರ್ಖಾನೆಯ ಒಂದು ಪಿ.ಎಲ್.ಸಿ. ನನ್ನ ಅಟ್ಟದಲ್ಲಿತ್ತು. ಪಿ.ಎಲ್.ಸಿ. ಎಂದರೆ ನಾವು ಒಮ್ಮೆ ಹೇಳಿಕೊಟ್ಟದ್ದನ್ನು ನೆನಪಿಟ್ಟುಕೊಂಡು ಹಾಗೆಯೇ ನಡೆಯುವ ಪುಟ್ಟ ಯಂತ್ರ. ಕಾರ್ಖಾನೆಯ ಬೆಲ್ಟಿನ ಮೇಲೆ ಓಡುವ ಬಿಸ್ಕತ್ತು ಪೊಟ್ಟಣಗಳನ್ನು ಎಣಿಸುವುದು ಅದರ ಹಳೆಯ ಕೆಲಸ. ಎರಡು ಸ್ಕೂಟರ್ ಬ್ಯಾಟರಿ ಜೋಡಿಸಿದರೆ ಅದಕ್ಕೆ ಬೇಕಾದ ಇಪ್ಪತ್ನಾಲ್ಕು ವೋಲ್ಟ್ ಸಿಗುತ್ತದೆ. ಅಷ್ಟೇ ಅದರ ಜೀವ. ತಾಮ್ರದ ಪಟ್ಟಿಯ ಇನ್ನೂರ ಮೂವತ್ತು ವೋಲ್ಟನ್ನು ನೇರ ತೋರಿಸಿದರೆ ಅದು ಅಲ್ಲೇ ಸುಟ್ಟು ಬೂದಿ, ಗುಂಡಿ ಒತ್ತಿದವರ ಗತಿಯೂ ಅದೇ. ಆದ್ದರಿಂದ ನಡುವೆ ಒಂದು ಆಪ್ಟೋ ಹಾಕಿದೆ. ಕಡಲೆಕಾಳಿನಷ್ಟು ದಪ್ಪದ ಕರಿಯ ಬಿಲ್ಲೆ ಅದು. ಒಳಗೆ ಒಂದು ಕಡೆ ಎರಡು ಸಣ್ಣ ದೀಪ, ಇನ್ನೊಂದು ಕಡೆ ಒಂದು ಕಣ್ಣು, ನಡುವೆ ತಂತಿಯಿಲ್ಲ. ಪಟ್ಟಿಯಲ್ಲಿ ಕರೆಂಟ್ ಇದ್ದರೆ ದೀಪ ಉರಿಯುತ್ತದೆ, ಕಣ್ಣು ಅದನ್ನು ಕಂಡು ಪಿ.ಎಲ್.ಸಿ.ಗೆ ಹೇಳುತ್ತದೆ. ಆಚೆಯಿಂದ ಈಚೆಗೆ ಬೆಳಕು ಮಾತ್ರ ದಾಟುತ್ತದೆ, ಸಾವು ದಾಟುವುದಿಲ್ಲ.

ಒಂದೇ ತೊಡಕು. ಆ ದೀಪ ಎಷ್ಟು ಸಣ್ಣದಾದರೂ ದೀಪವೇ, ಉರಿದರೆ ಅವರನ್ನು ಕೇಳಿದಂತೆ. ಅವರ ಗಮನಕ್ಕೇ ಬಾರದಷ್ಟು ಕಡಿಮೆ ಕೇಳಬೇಕಿತ್ತು. ಒಂದು ಪಾಳಿಯ ದಿನ ಅವರು ಹೋದ ಮೇಲೆ ನೀಲ ಒಳಗೆ ಹೋಗಿ ಪಟ್ಟಿಗಳಿಂದ ಹೊರಗಿನ ಗೋಡೆಗೆ ಒಂದು ಪ್ಲಗ್ ಎಳೆದುಕೊಟ್ಟಳು. ಕರೆಂಟನ್ನು ತಡೆದು ಇಷ್ಟಿಷ್ಟೇ ಬಿಡುವ ರೆಸಿಸ್ಟರ್ ಮೇಲೆ ರೆಸಿಸ್ಟರ್ ಸೇರಿಸುತ್ತ ಹೋದೆ. ದೀಪಕ್ಕೆ ಸಿಗುವುದು ಗುಟುಕಿನಲ್ಲಿ ಗುಟುಕಾದಾಗ ಒಂದು ಎಂಟನೆಯ ದಿನ ಅವರು ಎಂದಿನಂತೆ ಎದ್ದುಹೋದರು. ಆ ದಿನ ನಾನು ಮನೆಗೆ ಬಂದು ಪಾಯಸ ಮಾಡಿದೆ.

ಪೆಟ್ಟಿಗೆಯ ಹೊರಗೆ ಒಂದು ಗುಂಡಿ, ಒಂದು ಕೆಂಪು ದೀಪ, ಒಂದು ಹಸಿರು ದೀಪ. ಗುಂಡಿ ಒತ್ತಿದರೆ ಪೆಟ್ಟಿಗೆ ಪಟ್ಟಿಯನ್ನು ನೋಡುತ್ತದೆ. ಕರೆಂಟ್ ಇದ್ದರೆ ಕೆಂಪು, ಬಾಗಿಲ ಚಿಲಕ ಅಲ್ಲಾಡುವುದಿಲ್ಲ. ಇಲ್ಲದಿದ್ದರೆ ಹಸಿರು, ಚಿಲಕ ಟಕ್ ಎಂದು ಸರಿಯುತ್ತದೆ. ಕರೆಂಟ್ ಇರುವಾಗ ಇಪ್ಪತ್ತು ಸಲ ಒತ್ತಿ ನೋಡಿದೆ, ಇಪ್ಪತ್ತು ಸಲವೂ ಕೆಂಪು. ಪೆಟ್ಟಿಗೆಯನ್ನು ಗೋಡೆಗೆ ಕೂರಿಸಲು ಒಳ್ಳೆಯ ಒಣ ಮರ ಬೇಕಿತ್ತು. ಇನ್ನು ನಂಗ್ಯಾಕವ್ವ ಇದು ಎಂದು ಮುದ್ದಯ್ಯ ತಾತ ತನ್ನ ಹಲಸಿನ ಹಲಗೆಯನ್ನೇ ತಂದುಕೊಟ್ಟ. ಅದನ್ನು ಎರಡಾಗಿ ಕೊಯ್ದು ಪೆಟ್ಟಿಗೆಯ ಹಿಂದೆ ಬಡಿದೆ.

ಮೂರು ಪಾಳಿ ಚೆನ್ನಾಗಿ ನಡೆಯಿತು. ಎದುರುಮನೆಯ ಹೊಂಬಾಳಮ್ಮ ಗುಂಡಿಗೆ ಅರಿಸಿನ ಕುಂಕುಮ ಹಚ್ಚಿ, ಒಂದು ಸಲ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದಳು. ಕೆಂಪು ಬಂತು. ಹೋಗಿ ಜಗಲಿಯ ಮೇಲೆ ಕೂತು ಅರ್ಧ ಗಂಟೆ ಬಿಟ್ಟು ಬಂದು ಮತ್ತೊಮ್ಮೆ ಒತ್ತಿದಳು. ಎಲ್ಲರೂ ಹಾಗೆಯೇ, ದೊಡ್ಡವರ ಮನೆಯ ಬಾಗಿಲು ತಟ್ಟಿದ ಹಾಗೆ ಒಂದೇ ಸಲ. ಹಸಿರು ಕಂಡ ಮೇಲೆ ಒಳಗೆ ಹೋಗಿ, ಬೆಳಗಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಈಚೆ ಬಂದರು. ನನ್ನನ್ನು ಎಂಜಿನಿಯರಮ್ಮ ಎಂದು ಕರೆಯತೊಡಗಿದರು. ನಾನು ಬೇಡ ಎನ್ನಲಿಲ್ಲ.

ನಾಲ್ಕನೆಯ ಪಾಳಿ ನಮ್ಮ ಮನೆಯದು. ಹತ್ತು ಗಂಟೆಗೆ ನೀಲ ಹಿಡಿ ಇಳಿಸಿದಳು. ಗಿರಣಿಯ ಮುಂದೆ ಹಿಟ್ಟಿನ ಡಬ್ಬಗಳ ಸಾಲು ಹಾಗೇ ಕಾಯುತ್ತಿತ್ತು, ಅವಳಿಗೆ ಅವಸರ. ಒಂದು ಕೈಯಲ್ಲಿ ಹುಣಸೆ ಬಟ್ಟಲು, ಆಗಲೇ ಒದ್ದೆ. ನಾನು ಎಂದಿನಂತೆ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಮುದ್ದಯ್ಯ ತಾತ ಎದುರಿನ ಕಲ್ಲಿನ ಮೇಲೆ ಕೂತಿದ್ದ.

ಅವಳ ಗಿರಣಿಯ ಸ್ಟಾರ್ಟರ್ ಹಳೆಯದು. ಹಸಿರು ಗುಂಡಿಯನ್ನು ಒಂದು ಸಲ ಒತ್ತಿದರೆ ಹಿಡಿಯುವುದಿಲ್ಲ. ಐದಾರು ಸಲ ಟಪಟಪ ಎಂದು ಒತ್ತಿದರೆ ಒಮ್ಮೆ ಕಚ್ಚಿಕೊಳ್ಳುತ್ತದೆ. ಅಕ್ಕಾ ಸರಿ ಮಾಡಿಕೊಡೆ ಎಂದು ಎರಡು ವರ್ಷದಿಂದ ಕೇಳುತ್ತಿದ್ದಳು, ನಾಳೆ ಮಾಡೋಣ ಎನ್ನುತ್ತಿದ್ದೆ. ಅವಳ ಹೆಬ್ಬೆರಳು ಕಲಿತದ್ದು ಆ ಗುಂಡಿಯನ್ನು. ಪೆಟ್ಟಿಗೆಯ ಗುಂಡಿಯನ್ನೂ ಹಾಗೆಯೇ ಒತ್ತಿದಳು. ಕೆಂಪು. ಕೆಂಪು. ಕೆಂಪು. ಕೆಂಪು. ಕೆಂಪು. ಹಸಿರು. ಚಿಲಕ ಟಕ್ ಎಂದಿತು.

“ಬಂತು ಕಣಕ್ಕ!” ಎಂದು ನನ್ನ ಕಡೆ ತಿರುಗಿ ನಕ್ಕಳು. ನಿಜ ಹೇಳುತ್ತೇನೆ, ನಾನೂ ನಕ್ಕೆ. ಎಷ್ಟು ಬೇಗ ಹೋದರಲ್ಲ ಎಂದು ಹಿಗ್ಗಿದೆ.

ಮುದ್ದಯ್ಯ ತಾತ ಕಲ್ಲಿನಿಂದ ಎದ್ದ. “ತಡಿಯವ್ವ ಮಗ. ಹಿಡಿ ಇಳಿಸಿ ಎಲಡಿಕೆ ಹಾಕ್ಕಳೋ ವೊತ್ತೂ ಆಗಿಲ್ಲ. ಇಷ್ಟು ಜಲ್ದಿ ಅವ್ರು ಯಾವತ್ತೂ ಹೋದವ್ರಲ್ಲ.”

“ಹಸಿರು ಬಂದಿದೆ ತಾತ” ಎಂದು ನಾನು ದೂರದಿಂದಲೇ ಕೂಗಿದೆ. ನನ್ನ ದನಿಯಲ್ಲಿ ಜಂಬವಿತ್ತು, ಈಗಲೂ ನನ್ನ ಕಿವಿಗೆ ಕೇಳಿಸುತ್ತದೆ. “ನೀವೇನೂ ಮುಟ್ಟೋದು ಬೇಡ, ಪೆಟ್ಟಿಗೆ ನೋಡಿದೆ.”

“ಅದು ನೋಡದೆ ಸರಿ. ನಾನೂ ಒಂದ್ಕಿತ ನೋಡ್ಬುಡ್ತೀನಿ, ನಂದೇನ್ ಹೋದದು” ಎಂದು ನೀಲಳ ಭುಜ ಹಿಡಿದು ಪಕ್ಕಕ್ಕೆ ಸರಿಸಿ ಒಳಗೆ ಕಾಲಿಟ್ಟ. ಕಾಲಡಿಗೆ ಹಲಗೆ ಇರಲಿಲ್ಲ. ಅದು ಗೋಡೆಯ ಮೇಲೆ ನನ್ನ ಪೆಟ್ಟಿಗೆಯ ಹಿಂದಿತ್ತು. ಅವನು ಬಲಗೈಯನ್ನು ಸ್ವಲ್ಪ ಎತ್ತಿ, ಅದನ್ನು ನೋಡಿ ಇಳಿಸಿದ. ಆಮೇಲೆ ಎಡಗೈಯನ್ನು ಮುಂದೆ ಮಾಡಿದ.

ಸದ್ದೇನೂ ದೊಡ್ಡದಿರಲಿಲ್ಲ. ಯಾರೋ ಒದ್ದ ಹಾಗೆ ಅವನು ಹಿಂದಕ್ಕೆ ಹಾರಿ ನೀಲಳ ಕಾಲ ಬಳಿ ಬಿದ್ದ. ಹುಣಸೆ ಬಟ್ಟಲು ಉರುಳಿತು. ನಾನು ಓಡಿದೆ. ಅವನ ಹತ್ತಿರಕ್ಕೆ ಓಡಬೇಕಿತ್ತು, ಆದರೆ ಪೆಟ್ಟಿಗೆಯ ಹತ್ತಿರ ಓಡಿ ಗುಂಡಿ ಒತ್ತಿದೆ. ಕೆಂಪು. ಮತ್ತೆ ಒತ್ತಿದೆ. ಕೆಂಪು. ನೀಲ ಅವನ ಎದೆಯನ್ನು ಎರಡೂ ಕೈಯಲ್ಲಿ ಅದುಮುತ್ತ, “ಆ ದರಿದ್ರದ್ದನ್ನ ಬಿಟ್ಟು ಇಲ್ಲಿ ಬಾರೇ!” ಎಂದು ಕಿರುಚುವವರೆಗೂ ನಾನು ಒತ್ತುತ್ತಲೇ ಇದ್ದೆನಂತೆ. ತಾತ ಕಣ್ಣು ಬಿಡಲಿಲ್ಲ. ಮಧ್ಯಾಹ್ನಕ್ಕೆ ಮುಂಚೆ ಮೈ ತಣ್ಣಗಾಗಿತ್ತು.

ಯಾರೂ ನನ್ನನ್ನು ಬೈಯಲಿಲ್ಲ. ಯಾರೋ ಹಿಡಿ ಎತ್ತಿದರು. ಮಣ್ಣು ಮಾಡಿ ಬಂದ ಮೇಲೆ ಬೀದಿಯವರು ತಮ್ಮ ತಮ್ಮ ಬಾಗಿಲಲ್ಲಿ ಕೂತು ತಾಮ್ರದ ಮನೆಯ ಕಡೆ ನೋಡುತ್ತಿದ್ದರು. ಪಟ್ಟಿಗಳ ಮೇಲೆ ಕಿಲುಬು ಹಾಗೇ ಇತ್ತು. ವಿನಾಯಿತಿಯ ಮೂರು ದಿನಗಳಲ್ಲಿ ಒಂದು ಅಲ್ಲಿಗೆ ಮುಗಿದಿತ್ತು.

ನಾನು ಪೆಟ್ಟಿಗೆಯನ್ನು ಕಿತ್ತು ತಂದು ಮನೆಯ ಪ್ಲಗ್ಗಿಗೆ ಜೋಡಿಸಿ ಒತ್ತುತ್ತ ಕೂತೆ. ಕೆಂಪಾದರೆ ಒಂದು ಗೆರೆ, ಹಸಿರಾದರೆ ಒಂದು ಸೊನ್ನೆ. ಇನ್ನೂರು ಸಲ ಒತ್ತಿದಾಗ ಹದಿನಾರು ಸೊನ್ನೆ. ಕರೆಂಟ್ ಉದ್ದಕ್ಕೂ ಇತ್ತು. ಪೆನ್ಸಿಲ್ ಕೆಳಗಿಟ್ಟು ಸೊನ್ನೆಗಳನ್ನು ಮತ್ತೊಮ್ಮೆ ಎಣಿಸಿದೆ.

ನಮ್ಮ ಪಟ್ಟಿಯ ಕರೆಂಟ್ ಒಂದೇ ಸಮನೆ ಹರಿಯುವಂಥದ್ದಲ್ಲ. ಒಮ್ಮೆ ಆ ಕಡೆ ತಳ್ಳುತ್ತದೆ, ಒಮ್ಮೆ ಈ ಕಡೆ ಎಳೆಯುತ್ತದೆ, ದಿಕ್ಕು ಬದಲಿಸುವಾಗ ಒಂದು ಚಣ ಇಲ್ಲವೇ ಇಲ್ಲ. ಸೆಕೆಂಡಿಗೆ ನೂರು ಸಲ ಹೀಗೆ ಸತ್ತು ಹುಟ್ಟುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಮೋಟಾರು ಸುತ್ತುವವರಿಗೆ ಅದು ಅಕ್ಷರಾಭ್ಯಾಸ. ಆದರೆ ಅವರ ಕಣ್ಣು ತಪ್ಪಿಸಲು ನಾನು ಹಾಕಿದ ರೆಸಿಸ್ಟರುಗಳಿಂದ ಆಪ್ಟೋದ ದೀಪಗಳು ಅಲೆ ಏರಿದಾಗ ಉರಿಯುತ್ತಿದ್ದವು, ದಿಕ್ಕು ಬದಲಿಸುವಾಗಲೆಲ್ಲ ಚೂರು ಹೊತ್ತು ಆರುತ್ತಿದ್ದವು. ಬೇರೆ ಪಿ.ಎಲ್.ಸಿ. ಆಗಿದ್ದರೆ ಸ್ವಲ್ಪ ನಿಧಾನಿಸಿ ನೋಡುತ್ತಿತ್ತು. ಇದು ಓಡುವ ಬಿಸ್ಕತ್ತು ಎಣಿಸಿದ ಯಂತ್ರ, ರೆಪ್ಪೆ ಬಡಿಯುವುದರೊಳಗೆ ನೋಡಿ ಮುಗಿಸುವಂತೆ ಅದಕ್ಕೆ ಕಲಿಸಿದ್ದರು. ಆ ಪಾಠವನ್ನು ನಾನು ಅಳಿಸಿರಲಿಲ್ಲ. ದೀಪ ಆರಿದ ಚಣದಲ್ಲೇ ಗುಂಡಿ ಒತ್ತಿದರೆ ಅದು ನೋಡುತ್ತಿತ್ತು, ಇಲ್ಲ ಎನ್ನುತ್ತಿತ್ತು, ಬಾಗಿಲು ತೆರೆಯುತ್ತಿತ್ತು. ಸಾವಕಾಶವಾಗಿ ಒಂದೊಂದೇ ಸಲ ಒತ್ತಿದ ಮೂವರು ಬರೀ ಅದೃಷ್ಟದಿಂದ ಉಳಿದಿದ್ದರು. ಇಪ್ಪತ್ತು ಸಲ ಒತ್ತಿ ಸಾಕು ಎಂದುಕೊಂಡ ನಾನು ಒಬ್ಬ ಮುದುಕನನ್ನು ಕೊಂದಿದ್ದೆ.

ಸರಿಪಡಿಸುವುದು ಅರ್ಧ ದಿನದ ಕೆಲಸ. ಗುಂಡಿ ಒತ್ತಿದ ಮೇಲೆ ಪೂರ್ತಿ ಮೂರು ಸೆಕೆಂಡು ಬಿಡದೆ ನೋಡು, ಅಷ್ಟರಲ್ಲಿ ಒಂದೇ ಒಂದು ಮಿನುಗು ಕಂಡರೂ ಕೆಂಪು ಎಂದು ಹೇಳಿಕೊಟ್ಟೆ. ನೋಡುವ ಮೊದಲು ಬ್ಯಾಟರಿಯಿಂದ ಆ ದೀಪಗಳನ್ನು ಒಮ್ಮೆ ಹೊತ್ತಿಸಿ, ಕಣ್ಣು ಕುರುಡಾಗಿಲ್ಲ ಎಂದು ಪರೀಕ್ಷಿಸಿಕೊಳ್ಳುವಂತೆಯೂ ಮಾಡಿದೆ. ಸಾವಿರ ಸಲ ಒತ್ತಿದೆ. ಹೆಬ್ಬೆರಳು ಬೊಬ್ಬೆ ಬಂದು ಒಡೆಯಿತು. ಒಂದೂ ಸೊನ್ನೆ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನೀಲ ಒಲೆಯ ಮುಂದೆ ಕೂತಿದ್ದಾಗ ಎಲ್ಲವನ್ನೂ ಹೇಳಿದೆ. ಬಿಸ್ಕತ್ತು, ಅಲೆ, ಹದಿನಾರು ಸೊನ್ನೆ, ಅವಳ ಸ್ಟಾರ್ಟರ್, ನನ್ನ ನಾಳೆ ಮಾಡೋಣ. ಅವಳು ರೊಟ್ಟಿ ತಿರುವಿ ಹಾಕುತ್ತ ಕೇಳಿಸಿಕೊಂಡಳು.

“ಈಗ ಸರಿಯಾಯ್ತಾ?”

“ಆಯ್ತು.”

“ಖಂಡಿತ?”

ಸಾವಿರ ಸಲ ಎಂದೆ. ನಾನು ಕೇಳಿದ್ದು ಅದಲ್ಲ ಎಂದಳು.

“ಬೀದೀಲಿ ಯಾರೂ ಒಳಗೆ ಹೋಗಲ್ಲ ಕಣಕ್ಕ. ಹೊಂಬಾಳಮ್ಮ ಗಂಟು ಕಟ್ತಾ ಅವ್ರೆ, ಮಗಳ ಮನೆಗೆ ಹೊರಡ್ತಾರಂತೆ. ಇವತ್ತು ಬೆಳಗದಿದ್ರೆ ನಾವೂ ಗಾಣದ ಬೀದಿಯವರೇ. ಪಾಳಿ ನಮ್ಮದು, ನಾನೇ ಬೆಳಗ್ತೀನಿ.” ರೊಟ್ಟಿಯನ್ನು ಇಳಿಸಿ ನನ್ನ ಮುಖ ನೋಡಿದಳು. “ಆದ್ರೆ ಮೊದ್ಲು ನೀನು ಮುಟ್ಟು.”

ಏಳು ವರ್ಷದ ಬಾಕಿ ಮಾತನ್ನು ಅವಳು ಇಷ್ಟರಲ್ಲಿ ಮುಗಿಸಿದಳು. ಕೋಪವಿರಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಪೆಟ್ಟಿಗೆಯನ್ನು ಮತ್ತೆ ಗೋಡೆಗೆ ಕೂರಿಸಿ ಹತ್ತು ಗಂಟೆಗೆ ಹಿಡಿ ಇಳಿಸಿದೆವು. ಬೀದಿಯವರೆಲ್ಲ ದೂರದಲ್ಲಿ ಗುಂಪಾಗಿ ನಿಂತಿದ್ದರು, ನಾನು ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲೇ. ಮೊದಲ ಸಲ ಒತ್ತಿದಾಗ ಕೆಂಪು. ಕಾದೆವು. ಕೆಂಪು. ಬಿಸಿಲು ನೆತ್ತಿಗೆ ಬಂತು. ನನ್ನ ಸೀರೆ ಬೆವರಿಗೆ ಬೆನ್ನಿಗಂಟಿತ್ತು, ಎಲ್ಲಿ ವಾಂತಿಯಾಗುತ್ತದೋ ಎಂದು ಹಲ್ಲು ಕಚ್ಚಿ ನಿಂತಿದ್ದೆ. ಹನ್ನೆರಡೂವರೆಗೆ ಒತ್ತಿದಾಗ ಮೂರು ಸೆಕೆಂಡು ಕಳೆದು ಹಸಿರು ಬಂತು. ಚಿಲಕ ಸರಿಯಿತು.

ಒಳಗೆ ತಂಪಾಗಿತ್ತು. ಏಳು ವರ್ಷದಲ್ಲಿ ಮೊದಲ ಸಲ ಆ ಪಟ್ಟಿಗಳನ್ನು ಹತ್ತಿರದಿಂದ ನೋಡಿದೆ. ಎರಡೂ ಕಿಲುಬು ಹಿಡಿದು ಮಂಕಾಗಿದ್ದವು. ಅವರಿದ್ದರೂ ಇಲ್ಲದಿದ್ದರೂ ತಾಮ್ರ ನೋಡಲು ಒಂದೇ ತರಹ. ಬಲಗೈ ಮಡಿಚಿ ಎತ್ತಿದೆ. ಅದು ಮುಂದೆ ಹೋಗಲಿಲ್ಲ. ಹೋಗು ಎಂದೆ, ಹೋಗಲಿಲ್ಲ. ಅಳು ಬಂತು, ಅತ್ತೆ. ಹಿಂದೆ ನೀಲ ಬಟ್ಟಲು ಹಿಡಿದು ನಿಂತಿದ್ದಳು. ಅವಳ ಉಸಿರು ಕೇಳಿಸುತ್ತಿತ್ತು. ನಾನು ಈಗ ಹೊರಗೆ ಹೋದರೆ ಅವಳು ಮುಟ್ಟುತ್ತಾಳೆ, ಅದೂ ಒದ್ದೆ ಕೈಯಲ್ಲಿ, ಅಷ್ಟು ಮಾತ್ರ ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಕಣ್ಣು ಮುಚ್ಚಿ ಕೈಯನ್ನು ಪಟ್ಟಿಗೆ ಒತ್ತಿದೆ.

ತಣ್ಣಗಿತ್ತು. ಬರೀ ತಣ್ಣಗೆ.

“ಹೋಗಿದ್ದಾರೆ” ಎಂದೆ. ಆ ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ. ನೀಲ ಬಂದು ನನ್ನ ಪಕ್ಕದಲ್ಲಿ ನಿಂತು ಹುಣಸೆಯ ಉಂಡೆಯನ್ನು ಉಪ್ಪಿನಲ್ಲಿ ಅದ್ದಿ ಪಟ್ಟಿಯ ಮೇಲಿನ ತುದಿಯಿಂದ ತಿಕ್ಕತೊಡಗಿದಳು. ನಾನು ಕೈ ತೆಗೆಯಲು ಹೋದೆ.

“ತೆಗೀಬೇಡ” ಎಂದಳು, ನನ್ನ ಕಡೆ ನೋಡದೆ. “ನಡುವೆ ಬಂದ್ರೆ?”

ಬಂದರೆ ನನ್ನ ಕೈ ಅವರನ್ನು ತಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಇಬ್ಬರಿಗೂ ಒಂದೇ ಗಳಿಗೆ. ಅವಳಿಗೂ ಗೊತ್ತಿರಬೇಕು. ನಾನು ಕೈಯನ್ನು ಇನ್ನಷ್ಟು ಒತ್ತಿ ಹಿಡಿದೆ. ಅವಳು ಅವಸರ ಮಾಡಲಿಲ್ಲ, ಮೂಲೆ ಮೂಲೆ ಬಿಡದೆ ತಿಕ್ಕಿದಳು, ಮಂಕು ಹೋಗಿ ತಾಮ್ರ ಕೆಂಪಗೆ ಹೊಳೆಯುತ್ತ ಬಂತು. ಹುಣಸೆಯ ನೀರು ಪಟ್ಟಿಯ ಮೇಲಿಂದ ಇಳಿದು ನನ್ನ ಬೆರಳುಗಳನ್ನು, ಮಣಿಕಟ್ಟನ್ನು, ತೋಳನ್ನು ಒದ್ದೆ ಮಾಡಿತು. ಅವಳು ಮುಗಿಯಿತು ಎನ್ನುವವರೆಗೆ ನಾನು ಹಾಗೆಯೇ ನಿಂತಿದ್ದೆ.